ಮುಖಪುಟಕ್ಕೆ ನಿಂತವನು

ಅಪ್ಪ ಐಸು ಹೊರುತ್ತಿದ್ದ. ಬ್ರೂಕ್ಲಿನ್ನಿನ ರೆಡ್ ಹುಕ್ಕಿನಲ್ಲಿ
ನಾಲ್ಕು ಮಹಡಿ, ಐದು ಮಹಡಿ, ಹೆಗಲ ಮೇಲೆ ಗೋಣಿತಾಟು,
ತಾಟಿನ ಮೇಲೆ ಐವತ್ತು ಪೌಂಡಿನ ಚಳಿಗಾಲ.
ಹೆಸರು ಕಾರ್ಮೆಲೊ ಸ್ಪಾದಾಫೋರಾ.
ನಮ್ಮ ಕಡೆಯ ಮಾತಿನಲ್ಲಿ ಹಾಗೆಂದರೆ ಒರೆಯಿಂದ ಹಿರಿದ ಕತ್ತಿ.
ಮನೆಯಲ್ಲಿದ್ದ ಕತ್ತಿ ಈರುಳ್ಳಿ ಹೆಚ್ಚುವುದೊಂದೇ.

ಮೂವತ್ತನಾಲ್ಕನೇ ಇಸವಿ. ನಾಲ್ಕನೇ ಮಹಡಿಯ ಚಿತ್ರಗಾರ
ವೆಂಡೆಲ್ ಓಸ್ಟರ್‌ಹೌಟ್ ಬಾಗಿಲು ತೆರೆದವನು
ಐಸು ನೋಡಲಿಲ್ಲ, ಹೆಗಲು ನೋಡಿದ.
"ಗಂಟೆಗೆ ಐವತ್ತು ಸೆಂಟು. ಅಂಗಿ ಕಳಚಿ ನಿಲ್ಲಬೇಕು, ಅಷ್ಟೆ."
ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ
ಐವತ್ತು ಸೆಂಟಿಗೆ ಎಷ್ಟು ಬ್ರೆಡ್ಡೆಂದು ಬೆರಳು ಮಡಚಿದಳು.

ಕಿಟಕಿಪರದೆಯ ಕೋಲು ಖಡ್ಗ. ಮಗುಚಿಟ್ಟ ಬಕೆಟ್ಟು ಬೆಟ್ಟದ ತುದಿ.
ನೆಲ ಒರೆಸುವ ಮಾಪು ಏಳು ಹೆಡೆಯ ಸರ್ಪ.
ಅಪ್ಪನ ಕಾಲು ತಬ್ಬಿ ಬಿದ್ದಿರಬೇಕಾದ ರಾಜಕುಮಾರಿ
ಹಲ್ಲುನೋವೆಂದು ಬರಲಿಲ್ಲ;
ಮಡಚಿಟ್ಟ ಕಂಬಳಿಯೇ ರಾಜಕುಮಾರಿ.

ತಿಂಗಳ ಮೇಲೆ ಸಿಗರೇಟು ಅಂಗಡಿಯ ತಂತಿಯಲ್ಲಿ
ಕ್ಲಿಪ್ಪಿಗೆ ತೂಗುಬಿದ್ದಿದ್ದ ಅಪ್ಪ. ಬೆಲೆ ಹತ್ತು ಸೆಂಟು.
ಹಿಂದೆ ಕೆಂಪು ಆಕಾಶ, ಹೆಗಲಿಗೆ ಗೋಣಿತಾಟಲ್ಲ, ತೋಳದ ಚರ್ಮ.
ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಒಂಬತ್ತು ವರ್ಷದ ನಾನು ಓದಿದೆ,
ಅಡುಗೆಮನೆಯ ದೀಪದಡಿ, ಗೊತ್ತಿಲ್ಲದ ಪದ ಹಾರಿಸಿ:
ಮಾಂತ್ರಿಕನ ಗೋಪುರ, ಹಾವಿನ ಕಣ್ಣಿನ ಹರಳು,
ದೇವರೇ ಮರೆತ ಊರಿನ ತುಕ್ಕು ಹಿಡಿದ ಹೆಬ್ಬಾಗಿಲು.
ಒಂದು ಕಾಳಗ ಮೂರು ಪುಟ ನಡೆಯಿತು.
"ಇನ್ನೂ ಸಾಯಲಿಲ್ಲವೇ ಅದು?" ಅಮ್ಮ ಒಲೆಯ ಬಳಿಯಿಂದ.
ಪದಕ್ಕೆ ಅರ್ಧ ಸೆಂಟಂತೆ, ಓಸ್ಟರ್‌ಹೌಟ್ ಹೇಳಿದ್ದ.
ಎಲ್ಲೋ ಒಬ್ಬ ಬರಹಗಾರನ ಬಾಡಿಗೆ ಬಾಕಿಯಿತ್ತು,
ರಾಕ್ಷಸ ಬೇಗ ಹೇಗೆ ಸಾಯುತ್ತಾನೆ?

ಅಪ್ಪ ಕೇಳಿದ್ದು ಒಂದೇ: "ಕೊನೆಗೆ ಅವನಿಗೆ ಕೂಲಿ ಕೊಟ್ಟರಾ?"
ಇಲ್ಲ. ಗೋಪುರ ಕುಸಿಯಿತು, ಹರಳು ಬೂದಿಯಾಯಿತು,
ಬಂದಷ್ಟೇ ಬರಿಗೈಲಿ ಮರಳುಗಾಡಿನತ್ತ ಹೋದ.
ಅಪ್ಪ ತಲೆದೂಗಿದ. "ಹೌದು, ಹಾಗೇ ಆಗುವುದು.
ಮುಂದಿನ ತಿಂಗಳದ್ದೂ ಓದು."

ಓದಿದೆ. ಎಂಬತ್ತು ದಾಟಿದ ಮೇಲೂ ಓದುತ್ತೇನೆ.
ಕಾಲೇಜಿನಲ್ಲಿ ಪಾಠ ಹೇಳುವ ಮೊಮ್ಮಗಳು ಕೇಳುತ್ತಾಳೆ:
ಏನಿದೆ ನೊನ್ನಾ ಇದರಲ್ಲಿ, ಬರೀ ಕಡಿ, ಬಡಿ, ಹೆಂಗಸರೆಲ್ಲ ಸರಪಳಿಯಲ್ಲಿ?
ತಪ್ಪೇ, ಮಗಳೇ. ಆ ಕಂಬಳಿಗೂ ಒಂದು ಚಾಕು ಕೊಡಬೇಕಿತ್ತು.
ಹತ್ತನೇ ವಯಸ್ಸಿಗೆ ನಾನೇ ಪೆನ್ಸಿಲಿನಲ್ಲಿ ಕೊಟ್ಟಿದ್ದೇನೆ, ಅಂಚಿನಲ್ಲಿ ನೋಡು.
ಆದರೆ ಅಲ್ಲಿ ಕೇಡಿಗೊಂದು ಕತ್ತು ಇರುತ್ತದೆ,
ಕತ್ತಿಗೆ ಎಟುಕುವಷ್ಟು ಹತ್ತಿರ.

ನಮ್ಮಲ್ಲಿಗೆ ಬಂದದ್ದಕ್ಕೆ ಕತ್ತಿರಲಿಲ್ಲ.
ಬಿಳಿಯ ಪೆಟ್ಟಿಗೆ. ಗೋಡೆಗೆ ಬಾಲ ಸಿಕ್ಕಿಸಿಕೊಂಡು
ರಾತ್ರಿಯಿಡೀ ಗುರ್ ಎನ್ನುವುದು, ತೆರೆದರೆ ಹೊಟ್ಟೆಯಲ್ಲಿ ದೀಪ.
ಮೊದಲು ಎರಡನೇ ಮಹಡಿ, ಆಮೇಲೆ ಓಣಿಯ ಆಚೆಬದಿ,
ಒಂದೊಂದೇ ಬಾಗಿಲು "ಇನ್ನು ಬೇಡ ಕಾರ್ಮೆಲೊ" ಅಂದಿತು.
ಯಾವ ಗೋಪುರ ಹತ್ತಿ ಯಾರನ್ನು ಕಡಿಯುವುದು?
ಅಪ್ಪ ಕುದುರೆ ಮಾರಿದ. ಕಂತಿನಲ್ಲಿ ನಮಗೂ ಒಂದು ಪೆಟ್ಟಿಗೆ ಬಂತು.
ಒಂದು ರಾತ್ರಿ ಅದರ ಬಾಗಿಲು ತೆರೆದು, ಆ ಬೆಳಕಿನಲ್ಲಿ,
ಅಂಗೈಯಲ್ಲಿ ಒಂದು ಚೂರು ಐಸು ಹಿಡಿದು ನಿಂತಿದ್ದ.
ನನ್ನನ್ನು ಕಂಡು "ಚೆನ್ನಾಗೇ ಮಾಡ್ತದೆ" ಎಂದ,
ವೈರಿಯ ಕೈಚಳಕ ಮೆಚ್ಚುವವನ ಹಾಗೆ.

ಕಾಗದ ಈಗ ಮುಟ್ಟಿದರೆ ಹಪ್ಪಳ. ಬೆನ್ನಿಗೆ ಟೇಪು.
ಮುಖಪುಟದ ಬಣ್ಣ ಮಾತ್ರ ಮಾಸಿಲ್ಲ.
ಎಡಹೆಗಲಲ್ಲಿ, ತೋಳದ ಚರ್ಮ ಸರಿದ ಕಡೆ, ಒಂದು ಕೆಂಪು ಗುರುತು.
ಕೊಂಡವರು ಮಾಂತ್ರಿಕನ ಚಾಟಿಯೇಟು ಎಂದುಕೊಂಡಿರಬೇಕು.
ಕತೆಯಲ್ಲಿ ಅಂಥ ಗಾಯವೇ ಇಲ್ಲ, ನಾನು ಹುಡುಕಿದ್ದೇನೆ.
ಆ ದಿನ ಐದನೇ ಮಹಡಿಯ ಗ್ರಾಬೋವ್ಸ್ಕಿ ಅಮ್ಮನಿಗೆ ಐಸು ಕೊಟ್ಟು
ಆಮೇಲೆ ಇಳಿದು ಬಂದಿದ್ದ ಅಪ್ಪ.